ಕ್ವಿಬೆಕ್ 1995: ‘ಹೌದು’ ಗೆದ್ದಿದ್ದರೆ ಮಾರನೇ ಬೆಳಿಗ್ಗೆ ಏನಾಗುತ್ತಿತ್ತು?

ಸುಣ್ಣದಗೋಡೆ
ಕೆನಡಾದಿಂದ ಬೇರೆಯಾಗಬೇಕು ಅಂತ ಅಲ್ಲಿನ ಆಲ್ಬರ್ಟಾ ಪ್ರಾಂತದಲ್ಲಿ ನಡೆದ ಸಹಿ ಸಂಗ್ರಹದ ಸುದ್ದಿ ಬಂದಾಗಲೆಲ್ಲ ಮಾತು ಹೊರಳಿ ಹೊರಳಿ ಕ್ವಿಬೆಕ್‌ಗೇ ಬಂದು ನಿಲ್ಲುತ್ತದೆ. ಕ್ವಿಬೆಕ್ ಪ್ರಾಂತ ಕೆನಡಾದಿಂದ ಬೇರೆಯಾಗಬೇಕೇ ಅಂತ ನಡೆದ ಜನಮತಗಣನೆಯ ಅಂಕಿ ಬಹುತೇಕರಿಗೆ ಗೊತ್ತು: 1995ರ ಅಕ್ಟೋಬರ್ 30, ‘ಬೇಡ’ ಶೇ. 50.58, ‘ಹೌದು’ ಶೇ. 49.42. ಅಂತರ 54,288 ಮತ. ಅಂದರೆ 27,145 ಜನ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಫಲಿತಾಂಶ ತಲೆಕೆಳಗು.

ಹಾಗಾಗಿದ್ದರೆ ಅಕ್ಟೋಬರ್ 31ರ ಬೆಳಿಗ್ಗೆ ಕ್ವಿಬೆಕ್ ಬೇರೆ ದೇಶವೇ? ಪಾಸ್‌ಪೋರ್ಟ್, ಡಾಲರ್, ಸಾಲ, ಗಡಿ ಎಲ್ಲ ಯಾರ ಕೈಗೆ? ‘ಅರ್ಧದ ಮೇಲೆ ಒಂದು ಬಂದರೆ ಸಾಕು’ ಅನ್ನೋದು ಕಾನೂನೋ, ಬರೀ ಮಾತೋ? ಭಾವನೆ ಬೇಡ, ಕಾಗದಪತ್ರದಲ್ಲಿ ಏನಿದೆ ಅದನ್ನು ಹೇಳಿ.

ಕಟ್ಟೆಪುರಾಣ
ಚಿಕ್ಕ ಉತ್ತರ: ಅಲ್ಲ. ದೊಡ್ಡ ಉತ್ತರಕ್ಕೆ ಧಾರವಾಡದೋರು ಬರ್ತಾರೆ, ಕೂತ್ಕೊಳ್ಳಿ.

ಧಾರವಾಡ_ಪೇಡೆ
ಬಂದೆ ನೋಡ್ರಿ. ಮೊದಲ ಒಂದು ಮಾತು: ಆ ಮತ ಸಲಹಾರೂಪದ್ದು. ಕ್ವಿಬೆಕ್‌ನ 1978ರ ಜನಮತಗಣನೆ ಕಾಯ್ದೆಯಡಿ ಜನ ಅಭಿಪ್ರಾಯ ಹೇಳ್ತಾರ, ಅಷ್ಟ. ದೇಶ ತಾನ ಹುಟ್ಟೂದಿಲ್ಲ.

ಕ್ವಿಬೆಕ್‌ನ ಆಗಿನ ಮುಖ್ಯಮಂತ್ರಿ (ಪ್ರೀಮಿಯರ್) ಪಾರಿಜೋ ಸರ್ಕಾರ 1995ರ ಸೆಪ್ಟೆಂಬರ್‌ನಾಗ ‘ಮಸೂದೆ 1’ ಅಂತ ತಂದಿತ್ತು. ಮುಂದಿನ ದಾರಿ ಅದರಾಗ ಬರದಿತ್ತು. ‘ಹೌದು’ ಗೆದ್ದರ ಕೆನಡಾಕ್ಕ ಆರ್ಥಿಕ-ರಾಜಕೀಯ ಪಾಲುದಾರಿಕೆಯ ಪ್ರಸ್ತಾವ ಕಳಸೂದು, ಮಾತುಕತೆ 1996ರ ಅಕ್ಟೋಬರ್ 30ರ ಒಳಗ ಮುಗಸೂದು, ಬೇಕಂದ್ರ ಅಲ್ಲಿನ ಶಾಸನಸಭೆ ಆ ಗಡುವು ಮುಂದಕ್ಕ ಹಾಕೂದು. ಒಪ್ಪಂದ ಆದರ ಆಮ್ಯಾಲೆ ಘೋಷಣೆ. ಆದರ ಇನ್ನೊಂದು ಬಾಗಿಲೂ ತೆರದಿಟ್ಟಿದ್ರು: ಮಾತುಕತೆಯಿಂದ ಏನೂ ಹುಟ್ಟೂದಿಲ್ಲ ಅಂತ ಸಭೆಗೆ ಅನಿಸಿದರ ಒಪ್ಪಂದ ಇಲ್ಲದನೂ ಘೋಷಣೆ ಮಾಡಬಹುದು. ಜಗಳದ ಬೇರು ಇರೂದು ಈ ಎರಡನೇ ಬಾಗಿಲದಾಗ.

ಹಳೇಮೈಸೂರು
ಸ್ವಾಮಿ, ಪ್ರಶ್ನೆಯಲ್ಲೇ ‘ಸಾರ್ವಭೌಮ’ ಅಂತ ಇತ್ತಲ್ಲ? ಜನ ಅದಕ್ಕೆ ಹೌದು ಅಂದಮೇಲೆ ಮಾತುಕತೆ ಯಾವ ಕರ್ಮಕ್ಕೆ?

ಅಡಿಟಿಪ್ಪಣಿ
ಪ್ರಶ್ನೆಯನ್ನು ಪೂರ್ತಿ ಓದಿ. ಕನ್ನಡದಲ್ಲಿ ಹೀಗಾಗುತ್ತೆ: ‘ಕ್ವಿಬೆಕ್‌ನ ಭವಿಷ್ಯದ ಮಸೂದೆ ಮತ್ತು 1995ರ ಜೂನ್ 12ರಂದು ಸಹಿಯಾದ ಒಪ್ಪಂದದ ವ್ಯಾಪ್ತಿಯಲ್ಲಿ, ಹೊಸ ಆರ್ಥಿಕ ಹಾಗೂ ರಾಜಕೀಯ ಪಾಲುದಾರಿಕೆಗೆ ಕೆನಡಾಕ್ಕೆ ವಿಧಿವತ್ತಾಗಿ ಪ್ರಸ್ತಾವ ಕೊಟ್ಟ ನಂತರ, ಕ್ವಿಬೆಕ್ ಸಾರ್ವಭೌಮವಾಗಬೇಕು ಎಂಬುದಕ್ಕೆ ನೀವು ಒಪ್ಪುತ್ತೀರಾ?’

ಇದರಲ್ಲಿ ‘ದೇಶ’ ಅನ್ನೋ ಪದವೇ ಇಲ್ಲ. ಜೂನ್ 12ರ ಒಪ್ಪಂದ ಅಂದರೆ ಕೆನಡಾ ಜೊತೆಗಿನ ಒಪ್ಪಂದ ಅಂತ ಓದುವವರಿಗೆ ಅನ್ನಿಸುತ್ತೆ. ಅದು ಪಾರಿಜೋ, ಬುಷಾರ್, ದ್ಯೂಮೋ ಈ ಮೂವರು ‘ಹೌದು’ ಬಣದ ಮುಖಂಡರು ತಮ್ಮತಮ್ಮೊಳಗೆ ಮಾಡಿಕೊಂಡದ್ದು. ಕೆನಡಾ ಅದಕ್ಕೆ ಸಹಿ ಹಾಕೇ ಇರಲಿಲ್ಲ. ಗೆಲ್ಲೋಕೆ ಬೇಕಾದ ಮೆತ್ತನೆ ಮಾತು ಅಷ್ಟೂ ಪ್ರಶ್ನೆಯೊಳಗೆ. ಗೆದ್ದಮೇಲೆ ಅದೇ ಮಾತು ಕಾಲಿಗೆ ತೊಡರುತ್ತಿತ್ತು, ಯಾಕೆಂದರೆ ಕೆನಡಾ ಕಡೆಯವರು ‘ಜನ ಪಾಲುದಾರಿಕೆಗೆ ಹೌದು ಅಂದದ್ದು, ಬೇರೆಯಾಗೋದಕ್ಕಲ್ಲ’ ಅಂತ ವಾದ ಹೂಡ್ತಿದ್ದರು.

ಕುಡ್ಲದ_ಮೀನು
1980ರ ಮೊದಲ ಜನಮತಗಣನೆಯ ಪ್ರಶ್ನೆ ಇದಕ್ಕಿಂತ ಉದ್ದ ಮಾರಾಯ್ರೆ. ಆಗಿನ ಕ್ವಿಬೆಕ್ ಮುಖ್ಯಮಂತ್ರಿ ರೆನೆ ಲೆವೆಕ್ ಕೇಳಿದ್ದು ಮಾತುಕತೆ ನಡೆಸುವ ಅಧಿಕಾರ ಮಾತ್ರ, ಕೊನೆಯ ತೀರ್ಮಾನಕ್ಕೆ ಇನ್ನೊಂದು ಜನಮತಗಣನೆ ಅಂತ ಪ್ರಶ್ನೆಯೊಳಗೇ ಭರವಸೆ. ಅಷ್ಟು ಹಗುರ ಮಾಡಿ ಕೇಳಿದರೂ ಶೇ. 59.56 ‘ಬೇಡ’. ನಯವಾದ ಪ್ರಶ್ನೆಗೆ ಗೆಲುವು ಗ್ಯಾರಂಟಿ ಅಂತ ಏನೂ ಇಲ್ಲ.

ಹಳೇಮೈಸೂರು
ಸರಿ, ಪ್ರಶ್ನೆ ಗೋಜಲು, ಒಪ್ಪಿದೆ. ಆದರೆ ಅದನ್ನು ಗೋಜಲು ಅಂತ ಹೇಳೋ ಹಕ್ಕು ಒಟ್ಟಾವಾಕ್ಕೆ, ಅಂದರೆ ಕೆನಡಾದ ಕೇಂದ್ರ ಸರ್ಕಾರಕ್ಕೆ, ಕೊಟ್ಟವರು ಯಾರು?

ಧಾರವಾಡ_ಪೇಡೆ
1995ರಾಗ ಯಾರೂ ಕೊಟ್ಟಿರಲಿಲ್ಲ. ಅದು ಬಂದದ್ದ ಆಮ್ಯಾಲೆ.

1998ರ ಆಗಸ್ಟ್ 20ಕ್ಕ ಕೆನಡಾದ ಸುಪ್ರೀಂ ಕೋರ್ಟ್ ಅಭಿಪ್ರಾಯ ಕೊಡ್ತು. ಅದರಾಗ ಎರಡು ಮಗ್ಗಲು. ಒಂದು: ಕ್ವಿಬೆಕ್ ಏಕಪಕ್ಷೀಯವಾಗಿ ಹೊರಗ ಹೋಗಲಿಕ್ಕೆ ಸಂವಿಧಾನದಾಗೂ ಹಕ್ಕಿಲ್ಲ, ಅಂತರರಾಷ್ಟ್ರೀಯ ಕಾನೂನಿನಾಗೂ ಇಲ್ಲ. ಎರಡು: ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರ ಉಳದವ್ರೆಲ್ಲ ಕಡ್ಡಾಯ ಮಾತುಕತೆಗೆ ಕೂಡಬೇಕು, ‘ನಮಗ ಸಂಬಂಧ ಇಲ್ಲ’ ಅನ್ನೂಹಂಗಿಲ್ಲ. ಮಂದಿ ತಮಗ ಬೇಕಾದ ಮಗ್ಗಲಾ ಅಷ್ಟ ಓದ್ತಾರ. ‘ಸ್ಪಷ್ಟ’ ಅಂದ್ರ ಎಷ್ಟು ಅಂತ ಕೋರ್ಟ್ ಅಂಕಿ ಕೊಡಲಿಲ್ಲ. ಅದು ರಾಜಕಾರಣಿಗಳ ಕೆಲಸ ಅಂತ ಬಿಟ್ಟುಬಿಡ್ತು.

ಬಿಟ್ಟ ಜಾಗಾ ತುಂಬಲಿಕ್ಕೆ ಪ್ರಧಾನಿ ಜಾನ್ ಕ್ರೆತಿಯೆ ಅವರ ಕೇಂದ್ರ ಸರ್ಕಾರ 2000ದಾಗ ಸ್ಪಷ್ಟತಾ ಕಾಯ್ದೆ ತಂತು. ಅದಕ್ಕ ಓಡಾಡಿದವ್ರು ಅವರ ಸಚಿವ ಸ್ತೆಫಾನ್ ದಿಯೋ. ಪ್ರಾಂತ ಪ್ರಶ್ನೆ ಪ್ರಕಟ ಮಾಡಿದ 30 ದಿನದೊಳಗ ಫೆಡರಲ್ ಕೆಳಮನೆ ಅದು ಸ್ಪಷ್ಟ ಐತೋ ಇಲ್ಲೋ ಹೇಳಬೇಕು. ನಡುವ ಚುನಾವಣೆ ಬಂದರ ಇನ್ನೂ 40 ದಿನ. ಬರೇ ಮಾತುಕತೆಯ ಅಧಿಕಾರ ಕೇಳಿದ ಪ್ರಶ್ನೆ (1980) ಸ್ಪಷ್ಟ ಅಲ್ಲ, ಪಾಲುದಾರಿಕೆ ಬೆರಸಿದ ಪ್ರಶ್ನೆ (1995) ಸಹ ಸ್ಪಷ್ಟ ಅಲ್ಲ. ಎರಡೂ ಹಳೇ ಪ್ರಶ್ನೆ ಎದುರಿಗಿಟ್ಕೊಂಡನ ಬರದಂಗೈತಿ.

ಅಡಿಟಿಪ್ಪಣಿ
ಅದಕ್ಕೆ ಉತ್ತರವಾಗಿ ಕ್ವಿಬೆಕ್ ತಾನೂ ಅದೇ ವರ್ಷ ‘ಮಸೂದೆ 99’ ಮಾಡಿತು. ಅದರಲ್ಲಿ ಗೆಲುವು ಅಂದರೆ ಚಲಾಯಿತ ಸಿಂಧು ಮತಗಳ ಅರ್ಧದ ಮೇಲೆ ಒಂದು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. 2018ರಲ್ಲಿ ಅಲ್ಲಿನ ಮೇಲಿನ ನ್ಯಾಯಾಲಯ, 2021ರಲ್ಲಿ ಅಪೀಲು ನ್ಯಾಯಾಲಯ, ಎರಡೂ ಕಾಯ್ದೆಯನ್ನು ಉಳಿಸಿದವು. ಎರಡು ಸರ್ಕಾರ, ಎರಡು ಕಾಯ್ದೆ, ಎರಡು ಅಳತೆಗೋಲು. ಎರಡೂ ಜಾರಿಯಲ್ಲಿವೆ.

ಕಟ್ಟೆಪುರಾಣ
ಒಂದೇ ಹೊಲಕ್ಕೆ ಎರಡು ಪಹಣಿ ಇದ್ದ ಹಾಗೆ.

ಮತಪೆಟ್ಟಿಗೆ
ನೀವೆಲ್ಲ ಕೋರ್ಟಿನಲ್ಲೇ ಕೂತಿದ್ದೀರಿ. ಎಣಿಕೆ ಮೇಜಿಗೆ ಬನ್ನಿ, ಗಲಾಟೆ ಆದದ್ದು ಅಲ್ಲಿ.

ಪಟ್ಟಿಯಲ್ಲಿ 50,87,009 ಮತದಾರರು. ಮತ ಹಾಕಿದವರು 47,57,509, ಅಂದರೆ ಶೇ. 93.52. ಕುಲಗೆಟ್ಟ ಮತ 86,501. ಗೆಲುವಿನ ಅಂತರಕ್ಕಿಂತ ಕುಲಗೆಟ್ಟದ್ದೇ ಜಾಸ್ತಿ.

ಕುಲಗೆಡೋದು ಹೇಗೆ? ಕಾಗದದ ಮತಪತ್ರ, ಎರಡು ವೃತ್ತ, ಕೊಟ್ಟ ಪೆನ್ಸಿಲ್‌ನಲ್ಲಿ ಒಂದರೊಳಗೆ ಗುರುತು. ಎರಡರಲ್ಲೂ ಗುರುತು ಹಾಕಿದರೆ, ಏನೂ ಹಾಕದಿದ್ದರೆ, ಏನಾದರೂ ಬರೆದರೆ, ಮತದಾರ ಯಾರು ಅಂತ ಗೊತ್ತಾಗೋ ಹಾಗೆ ಚಿಹ್ನೆ ಇದ್ದರೆ ರದ್ದು. ನಿಯಮ ಸುಲಭ. ತೀರ್ಮಾನ ಮಾಡೋ ಮತಗಟ್ಟೆ ಅಧಿಕಾರಿಯನ್ನು ಸೂಚಿಸೋದು ‘ಹೌದು’ ಬಣ, ಪಕ್ಕದ ಗುಮಾಸ್ತರನ್ನು ‘ಬೇಡ’ ಬಣ. ಲಾವಾಲ್‌ನ ಶೊಮದಿ ಕ್ಷೇತ್ರದಲ್ಲಿ ಶೇ. 11ಕ್ಕಿಂತ ಹೆಚ್ಚು ಮತ ತಿರಸ್ಕೃತ. ಇಡೀ ಪ್ರಾಂತದ ಸರಾಸರಿ ಶೇ. 1.82. ಗೆರೆ ಓರೆಯಾಗಿದೆ, ಗುರುತು ತೀರಾ ಗಾಢ, ತೀರಾ ತೆಳು ಅಂತೆಲ್ಲ ತಳ್ಳಿಹಾಕಿದರು ಅನ್ನೋದು ದೂರು. ಶೊಮದಿ ‘ಬೇಡ’ದ ಕೋಟೆ, ಅದನ್ನು ಮರೀಬೇಡಿ.

ಹಳೇಮೈಸೂರು
ನೋಡಿ! ಅಂದಮೇಲೆ ಫಲಿತಾಂಶವೇ ಅನುಮಾನ. ಕುಲಗೆಟ್ಟದ್ದನ್ನು ಸರಿಯಾಗಿ ಎಣಿಸಿದ್ದರೆ ‘ಹೌದು’ ಗೆಲ್ತಿತ್ತೋ ಏನೋ.

ಮತಪೆಟ್ಟಿಗೆ
ಉಲ್ಟಾ ಹಿಡಿದಿದ್ದೀರಿ. ದೂರು ಇದ್ದದ್ದು ‘ಬೇಡ’ ಮತಗಳನ್ನು ತಿರಸ್ಕರಿಸಿದರು ಅಂತ. ಅವನ್ನು ಎಣಿಸಿದ್ದರೆ ‘ಬೇಡ’ದ ಅಂತರ ಇನ್ನೂ ಹಿಗ್ಗುತ್ತಿತ್ತು. 86,501ನ್ನೂ ಸಿಂಧು ಮಾಡಿ ‘ಹೌದು’ ಗೆಲ್ಲಬೇಕಾದರೆ ಅದರಲ್ಲಿ 70,395, ಅಂದರೆ ಶೇ. 81ಕ್ಕೂ ಹೆಚ್ಚು, ‘ಹೌದು’ ಆಗಿರಬೇಕು. ‘ಬೇಡ’ದ ಕ್ಷೇತ್ರಗಳಿಂದ ಬಂದ ಕುಲಗೆಟ್ಟ ಮತದಲ್ಲಿ ಅದು ಸಾಧ್ಯವೇ? ನೀವೇ ಗುಣಾಕಾರ ಮಾಡಿ.

ಹಳೇಮೈಸೂರು
ಸರಿ ಕಣ್ರೀ. ಆ ಲೆಕ್ಕ ತಪ್ಪಾಯ್ತು. ಆದರೆ ದುಡ್ಡು ಸುರಿದದ್ದು ಯಾರು ಅಂತಲೂ ಹೇಳಿ, ಅಲ್ಲಿ ‘ಬೇಡ’ದವರೇನೂ ಸಾಚಾ ಅಲ್ಲ.

ಮತಪೆಟ್ಟಿಗೆ
ಅಲ್ಲ, ಒಪ್ಪುತ್ತೇನೆ. ಕ್ವಿಬೆಕ್ ಕಾಯ್ದೆ ಪ್ರಕಾರ ಎರಡೇ ‘ಛತ್ರಿ ಸಮಿತಿ’ (ಬಣದವರೆಲ್ಲ ಅದರ ಕೆಳಗೇ ಬರಬೇಕು): ಒಂದು ‘ಹೌದು’, ಒಂದು ‘ಬೇಡ’. ಪ್ರಚಾರದ ಖರ್ಚೆಲ್ಲ ಇವುಗಳ ಮೂಲಕವೇ, ಮಿತಿ ಮತದಾರನಿಗೆ ಒಂದು ಡಾಲರ್, ಅಂದರೆ ಒಂದೊಂದಕ್ಕೆ ಸುಮಾರು 50 ಲಕ್ಷ ಡಾಲರ್. ಸಮಿತಿಗೆ ಸೇರದವನು ತನ್ನ ಜೇಬಿನಿಂದ ಕರಪತ್ರ ಹಂಚಿದರೂ ಅಪರಾಧ. ಅಷ್ಟು ಬಿಗಿ ಜಾಸ್ತಿಯಾಯಿತು ಅಂತ 1997ರಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು.

ಮಿತಿ ಹಾಕಿದ್ದು ಕ್ವಿಬೆಕ್, ಹಣ ಬಂದದ್ದು ಹೊರಗಿನಿಂದ. ಮತದಾನಕ್ಕೆ ಮೂರು ದಿನ ಮೊದಲು, ಅಕ್ಟೋಬರ್ 27ಕ್ಕೆ, ಮಾಂಟ್ರಿಯಲ್‌ನ ಪ್ಲಾಸ್ ದು ಕೆನಡಾದಲ್ಲಿ ಭಾರೀ ಏಕತಾ ಸಭೆ ಆಯಿತು. ವಿಮಾನ ಕಂಪನಿಗಳು ದರ ಇಳಿಸಿದವು, ದೇಶದ ಎಲ್ಲ ಮೂಲೆಯಿಂದ ಜನ ಬಂದರು. ಆ ಖರ್ಚು ಯಾವ ಸಮಿತಿ ಲೆಕ್ಕಕ್ಕೂ ಬರಲಿಲ್ಲ. ಮುಂದೆ ನಿವೃತ್ತ ನ್ಯಾಯಾಧೀಶ ಬೆರ್ನಾರ್ ಗ್ರೆನಿಯೆ 2007ರ ವರದಿಯಲ್ಲಿ ‘ಬೇಡ’ದ ಪರ ಕ್ವಿಬೆಕ್‌ನಲ್ಲಿ ಸುಮಾರು 5,39,000 ಡಾಲರ್ ಕಾನೂನುಬಾಹಿರವಾಗಿ ಖರ್ಚಾಗಿದೆ ಅಂದರು. ಸಭೆಯ ಖರ್ಚು ಆ ಮೊತ್ತದಲ್ಲಿ ಸೇರಿಲ್ಲ.

ಉತ್ತರಧ್ರುವ
ನಕ್ಷೆಯ ಮೇಲಿನ ಅರ್ಧದ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಕ್ವಿಬೆಕ್‌ನ ಉತ್ತರ ಭಾಗ ಕೆನಡಾ ಒಕ್ಕೂಟ ಹುಟ್ಟಿದಾಗ ಅದರದ್ದಾಗಿರಲಿಲ್ಲ. 1898 ಮತ್ತು 1912ರಲ್ಲಿ ಒಟ್ಟಾವಾ ಸೇರಿಸಿಕೊಟ್ಟದ್ದು. ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನ 1995ರ ಅಕ್ಟೋಬರ್ 24ಕ್ಕೆ ತಮ್ಮದೇ ಜನಮತಗಣನೆ ನಡೆಸಿದರು: ನಮ್ಮ ಒಪ್ಪಿಗೆ ಇಲ್ಲದೆ ನಮ್ಮನ್ನೂ ನಮ್ಮ ನೆಲವನ್ನೂ ಕೆನಡಾದಿಂದ ಬೇರೆ ಮಾಡಬಹುದಾ ಅಂತ. ಶೇ. 96ಕ್ಕೂ ಹೆಚ್ಚು ಜನ ‘ಕೂಡದು’ ಅಂದರು. ಇನ್ನೊಂದು ಮೂಲನಿವಾಸಿ ಸಮುದಾಯ ಇನೂಇಟ್ ಜನರ ಮತವೂ ಹಾಗೇ, ಸುಮಾರು ಶೇ. 95.

ಆ ನೆಲದಲ್ಲೇ ಜೇಮ್ಸ್ ಕೊಲ್ಲಿಯ ಜಲವಿದ್ಯುತ್ ಯೋಜನೆ ಇರೋದು. 1975ರ ಒಪ್ಪಂದಕ್ಕೆ ಕ್ರೀ, ಇನೂಇಟ್, ಕ್ವಿಬೆಕ್ ಜೊತೆಗೆ ಕೆನಡಾ ಸರ್ಕಾರವೂ ಸಹಿ ಹಾಕಿದೆ. ಇಷ್ಟು ಜನ ಸಹಿ ಹಾಕಿದ ಪತ್ರದಿಂದ ಒಬ್ಬರನ್ನು ತೆಗೆದರೆ ಆ ಪತ್ರದ ಗತಿ ಏನು? ಮಾತುಕತೆಯ ಮೇಜಿಗೆ ಎರಡೇ ಕುರ್ಚಿ ಹಾಕಿಕೊಂಡು ಚರ್ಚೆ ಮಾಡೋರು ಇದಕ್ಕೆ ಮೊದಲು ಉತ್ತರ ಹೇಳಲಿ.

ಹಳೇಮೈಸೂರು
ಅಂದರೆ ಕೆನಡಾ ಒಡೆಯಬಹುದಾದರೆ ಕ್ವಿಬೆಕ್ಕೂ ಒಡೆಯಬಹುದು ಅಂತ ತಾನೇ ವಾದ?

ಉತ್ತರಧ್ರುವ
ಅದೇ ವಾದ. ಬೇರೆಯಾಗುವವರಿಗೆ ಅತಿ ಕಹಿ ಪ್ರಶ್ನೆಯೂ ಅದೇ. ಸ್ಪಷ್ಟತಾ ಕಾಯ್ದೆಯಲ್ಲಿ ಮಾತುಕತೆಯ ವಿಷಯಗಳಾಗಿ ಆಸ್ತಿ-ಸಾಲದ ಜೊತೆ ಗಡಿ ಬದಲಾವಣೆ, ಮೂಲನಿವಾಸಿಗಳ ಹಕ್ಕು ಎರಡನ್ನೂ ಹೆಸರಿಸಿದ್ದಾರೆ.

ಕುಡ್ಲದ_ಮೀನು
ಮೂಲ ಪ್ರಶ್ನೆಯ ಹಣದ ಭಾಗ ನಾನು ಹೇಳ್ತೇನೆ.

ಡಾಲರ್: ಮಸೂದೆ 1ರಲ್ಲಿ ಕೆನಡಾದ ಡಾಲರ್ ಅನ್ನೇ ಬಳಸುವುದು ಅಂತ ಇತ್ತು. ಬಳಸ್ಲಿಕ್ಕೆ ಯಾರ ಅಪ್ಪಣೆಯೂ ಬೇಡ, ಇಕ್ವೆಡಾರ್ 2000ದಿಂದ ಅಮೆರಿಕದ ಡಾಲರ್ ಬಳಸುವುದಿಲ್ವಾ? ತೊಂದರೆ ಬೇರೆ ಕಡೆ. ಬಡ್ಡಿದರ ನಿರ್ಧಾರ ಮಾಡುವುದು ಬ್ಯಾಂಕ್ ಆಫ್ ಕೆನಡಾ, ಅಲ್ಲಿ ನಿಮಗೆ ಕುರ್ಚಿ ಇಲ್ಲ. ಬ್ಯಾಂಕಿನ ಎದುರು ಜನ ಕ್ಯೂ ನಿಂತ ದಿನ ನೋಟು ಒದಗಿಸುವವರೂ ಇಲ್ಲ.

ಸಾಲ: ಬಾಂಡ್ ಮೇಲೆ ಇರುವುದು ಕೆನಡಾದ ಹೆಸರು. ಸಾಲ ಕೊಟ್ಟವ ಕ್ವಿಬೆಕ್‌ನ ಬಾಗಿಲು ತಟ್ಟುವುದಿಲ್ಲ. ಹಾಗಾಗಿ ಕ್ವಿಬೆಕ್ ಎಷ್ಟು ಹೊರಬೇಕು ಅನ್ನೋದು ಪೂರಾ ಚೌಕಾಸಿ. ಜನಸಂಖ್ಯೆ ಲೆಕ್ಕ ಹಿಡಿದರೆ ಸುಮಾರು ಕಾಲು ಪಾಲು. ಕ್ವಿಬೆಕ್‌ನ ಭವಿಷ್ಯದ ಬಗ್ಗೆ ವರದಿ ಕೊಟ್ಟ ಬೆಲಾಂಜೆ-ಕಾಂಪೋ ಆಯೋಗದ ಹೊತ್ತಿಗೆ ಕ್ವಿಬೆಕ್ ಕಡೆಯವರು ಆಸ್ತಿ ಹಂಚಿಕೆಗೆ ಜೋಡಿಸಿ ಹಾಕಿದ ಲೆಕ್ಕ ಶೇ. 18.5ರ ಆಸುಪಾಸು. ಈ ನಡುವಿನ ಆರೇಳು ಶೇಕಡಾವನ್ನು ಆ ಕಾಲದ ಫೆಡರಲ್ ಸಾಲಕ್ಕೆ ಗುಣಿಸಿದರೆ ಸಾವಿರಾರು ಕೋಟಿ ಡಾಲರಿನ ಜಗಳ.

ಗೆದ್ದ ರಾತ್ರಿಗೇ ಬಾಂಡ್ ಮಾರುಕಟ್ಟೆ ಕುಸಿಯಬಾರದು ಅಂತ ಪಾರಿಜೋ ಸರ್ಕಾರ ಸುಮಾರು 1,700 ಕೋಟಿ ಡಾಲರ್ ನಗದು ಸಿದ್ಧ ಇಟ್ಟಿತ್ತು. ‘ಪ್ಲಾನ್ ಓ’ ಅಂತ ಅದಕ್ಕೆ ಹೆಸರು. ಪಾರಿಜೋ ಓದಿನಿಂದ ಅರ್ಥಶಾಸ್ತ್ರಜ್ಞ ಅಲ್ವಾ, ಭಾಷಣಕ್ಕಿಂತ ಮೊದಲು ತಿಜೋರಿ ನೋಡಿದ ಮನುಷ್ಯ.

ಸುಣ್ಣದಗೋಡೆ
ಪಾಸ್‌ಪೋರ್ಟ್?

ಕುಡ್ಲದ_ಮೀನು
ಮಸೂದೆಯಲ್ಲಿ ಕ್ವಿಬೆಕ್ ಪೌರತ್ವದ ಜೊತೆ ಬೇರೆ ಪೌರತ್ವವನ್ನೂ ಇಟ್ಟುಕೊಳ್ಳಬಹುದು ಅಂತ ಇತ್ತು. ಆದರೆ ಕೆನಡಾ ಪೌರತ್ವ ಉಳಿಸುವುದೋ ಕಳೆಯುವುದೋ ಕ್ವಿಬೆಕ್ ಬರೆಯುವ ಕಾನೂನಲ್ಲ, ಒಟ್ಟಾವಾದ್ದು. ನಮ್ಮ ಮನೆಯ ಕೀಲಿಕೈ ಬೇರೆಯವರ ಮನೆ ಬಾಗಿಲಿಗೆ ಹಾಕಿದ ಹಾಗೆ.

ಶಿರಸಿ_ಅಪ್ಪೆಮಿಡಿ
ವಿಷಯ ಸ್ವಲ್ಪ ಪಕ್ಕಕ್ಕೆ. ನಮ್ಮ ಪಕ್ಕದ ಗೋವಾದಲ್ಲೇ ಇಂಥದ್ದು ನಡೆದಿದೆಯಲ್ಲ? 1967ರ ಜನವರಿ 16. ಮಹಾರಾಷ್ಟ್ರಕ್ಕೆ ಸೇರೋದಾದರೆ ಹೂವು, ಕೇಂದ್ರಾಡಳಿತವಾಗಿ ಉಳಿಯೋದಾದರೆ ಎರಡೆಲೆ. ಎರಡೆಲೆ 34,021 ಮತದಿಂದ ಗೆದ್ದಿತು.

ಧಾರವಾಡ_ಪೇಡೆ
ಅದು ದೇಶ ಬಿಡೂದಲ್ರಿ, ದೇಶದೊಳಗಿನ ಮನಿ ಬದಲಿ. ನಮ್ಮಲ್ಲಿ ರಾಜ್ಯದ ಗಡಿ ತಿದ್ದೂದು 3ನೇ ವಿಧಿಯಡಿ ಸಂಸತ್ತಿನ ಕೆಲಸ. ಸಂಬಂಧಪಟ್ಟ ವಿಧಾನಸಭೆ ಅಭಿಪ್ರಾಯ ಕೇಳ್ತಾರ, ಒಪ್ಪಿಗೆ ಬೇಕಿಲ್ಲ. ಗೋವಾಕ್ಕಂತನ ಬ್ಯಾರೆ ಕಾಯ್ದೆ ಮಾಡಿದ್ರು. ಆದರ ಒಂದು ಕಲಿಯೂದು ಐತಿ: ವಿಲೀನದ ಪರ ಇದ್ದ ಮುಖ್ಯಮಂತ್ರಿ ಬಾಂದೋಡಕರ್ ಸರ್ಕಾರ ಮತದಾನಕ್ಕಿಂತ ಮೊದಲ ಕೆಳಗ ಇಳೀತು, ರಾಷ್ಟ್ರಪತಿ ಆಳ್ವಿಕೆಯೊಳಗ ಮತ ನಡೀತು. ಕ್ವಿಬೆಕ್‌ನಾಗ ಆಟ ಆಡಾಂವನ ಪ್ರಶ್ನೆ ಬರದ, ದಿನಾ ಗೊತ್ತು ಮಾಡಿದ.

ಅಡಿಟಿಪ್ಪಣಿ
ಯಾರು ಮತ ಹಾಕಬೇಕು ಅನ್ನೋದೂ ಅಷ್ಟೇ ಮುಖ್ಯ. ಕ್ವಿಬೆಕ್‌ನಲ್ಲಿ ಕೆನಡಾ ಪೌರನಾಗಿರಬೇಕು, 18 ವರ್ಷ, 6 ತಿಂಗಳ ವಾಸ. ಕಾಯಂ ವಾಸದ ಪರವಾನಗಿ (ನಮ್ಮವರು ‘ಪಿಆರ್’ ಅನ್ನೋದು) ಇದ್ದವರಿಗೆ ಮತ ಇಲ್ಲ. ಆಲ್ಬರ್ಟಾದಲ್ಲೂ ಹಾಗೇ, ಕ್ಯಾಲ್ಗರಿಯಲ್ಲಿ ಎಷ್ಟು ವರ್ಷದಿಂದ ತೆರಿಗೆ ಕಟ್ಟುತ್ತಿದ್ದರೂ.

ಸ್ಕಾಟ್ಲೆಂಡ್ 2014ರಲ್ಲಿ ಉಲ್ಟಾ. ಪೌರತ್ವ ಅಲ್ಲ, ವಾಸ ನೋಡಿದರು. ಅಲ್ಲಿ ವಾಸವಿದ್ದ ಐರೋಪ್ಯ ಒಕ್ಕೂಟದವರಿಗೂ ಕಾಮನ್‌ವೆಲ್ತ್ ಪೌರರಿಗೂ ಮತ ಇತ್ತು, 16 ವರ್ಷಕ್ಕೇ. ಅಂದರೆ ಎಡಿನ್‌ಬರೋದಲ್ಲಿ ವೀಸಾ ಮೇಲೆ ಇದ್ದ ಭಾರತೀಯ ಪಾಸ್‌ಪೋರ್ಟಿನ ಕನ್ನಡಿಗನಿಗೆ ಮತ ಇತ್ತು, ಲಂಡನ್‌ನಲ್ಲಿದ್ದ ಅಪ್ಪಟ ಸ್ಕಾಟ್‌ಗೆ ಇರಲಿಲ್ಲ.

ಕಟ್ಟೆಪುರಾಣ
ಅದು ಯಾವ ನ್ಯಾಯ ಸ್ವಾಮಿ?

ಅಡಿಟಿಪ್ಪಣಿ
ನಾಳೆ ಆ ದೇಶದಲ್ಲಿ ಬದುಕೋರು ಹೇಳಲಿ ಅನ್ನೋ ನ್ಯಾಯ. ಪ್ರಶ್ನೆಯ ವಿಷಯದಲ್ಲೂ ಅವರು ಅಚ್ಚುಕಟ್ಟು. ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂದು ನೀವು ಒಪ್ಪುತ್ತೀರಾ’ ಅಂತ ಮೊದಲು ಬರೆದಿದ್ದರು. ‘ಒಪ್ಪುತ್ತೀರಾ’ ಅನ್ನೋದೇ ಹೌದಿನ ಕಡೆ ತಳ್ಳುತ್ತೆ ಅಂತ ಚುನಾವಣಾ ಆಯೋಗ ಹೇಳಿ, ‘ಸ್ವತಂತ್ರ ದೇಶವಾಗಬೇಕೇ’ ಅಂತ ಮಾಡಿಸಿತು. ಲಂಡನ್ ಮತ್ತು ಎಡಿನ್‌ಬರೋ 2012ರಲ್ಲೇ ಒಪ್ಪಂದಕ್ಕೆ ಸಹಿ ಹಾಕಿದ್ದವು. ಹಾಗಾಗಿ ಶೇ. 55.3 ‘ಬೇಡ’ ಬಂದಾಗ ಎಣಿಕೆ ಮೇಲೆ ಗಂಭೀರ ತಕರಾರಿಲ್ಲ.

ಹಳೇಮೈಸೂರು
ಒಪ್ಪಂದ ಇಲ್ಲದೆ ಮಾಡಿದವರ ಕಥೆ?

ಮತಪೆಟ್ಟಿಗೆ
ಕ್ಯಾಟಲೋನಿಯಾ, 2017ರ ಅಕ್ಟೋಬರ್ 1. ಸ್ಪೇನ್ ಕೋರ್ಟ್ ತಡೆದಿತ್ತು, ಪೊಲೀಸರು ಪೆಟ್ಟಿಗೆ ಎತ್ತಿಕೊಂಡು ಹೋದರು. ‘ಹೌದು’ ಶೇ. 90, ಆದರೆ ಮತ ಹಾಕಿದವರು ಶೇ. 43. ವಿರೋಧಿಗಳು ಮನೆಯಲ್ಲಿ ಕೂತರೆ ಶೇ. 90ಕ್ಕೆ ಬೆಲೆ ಇಲ್ಲ. ಗೆದ್ದೂ ಸೋತ ಹಳೇ ಉದಾಹರಣೆ ಪಶ್ಚಿಮ ಆಸ್ಟ್ರೇಲಿಯಾ: 1933ರಲ್ಲಿ ಸುಮಾರು ಶೇ. 66 ‘ಬೇರೆಯಾಗೋಣ’. ಅದೇ ದಿನದ ಚುನಾವಣೆಯಲ್ಲಿ ಆ ಮತ ನಡೆಸಿದ ಸರ್ಕಾರವನ್ನೇ ಮನೆಗೆ ಕಳಿಸಿದರು! ಅರ್ಜಿ ಲಂಡನ್‌ಗೆ ಹೋಯಿತು, ಆಸ್ಟ್ರೇಲಿಯಾ ಒಕ್ಕೂಟ ಕೇಳದೆ ನಾವಿದನ್ನು ಮುಟ್ಟೋಹಾಗಿಲ್ಲ ಅಂತ 1935ರಲ್ಲಿ ಬ್ರಿಟಿಷ್ ಸಂಸದೀಯ ಸಮಿತಿ ವಾಪಸು ಕಳಿಸಿತು.

ಕುಡ್ಲದ_ಮೀನು
ಅರ್ಧದ ಮೇಲೆ ಒಂದು ಸಾಲದು ಅಂತ ಮೊದಲೇ ಹೇಳಿ ಆಡಿದವರೂ ಇದ್ದಾರೆ. ಸರ್ಬಿಯಾದಿಂದ ಬೇರೆಯಾದ ಮಾಂಟೆನೆಗ್ರೊ, 2006: ಐರೋಪ್ಯ ಒಕ್ಕೂಟ ಶೇ. 55 ಬೇಕು ಅಂತ ಇಟ್ಟಿತು. ಬಂದದ್ದು 55.5. ಎರಡು ಸಾವಿರ ಚಿಲ್ಲರೆ ಮತದಲ್ಲಿ ಪಾಸು. ಶೇ. 54 ಬಂದಿದ್ದರೆ? ಬಹುಮತ ಬಂದೂ ದೇಶ ಸಿಗದೆ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಅಂಕಿ ಯಾವುದೇ ಇಡಿ, ಮತದಾನಕ್ಕೆ ಮೊದಲೇ ಇಡಿ. ಸ್ಪಷ್ಟತಾ ಕಾಯ್ದೆ ಅದನ್ನೇ ಮಾಡಿಲ್ಲ. ಎಷ್ಟು ಸಾಕು ಅಂತ ಮತ ಎಣಿಸಿದ ಮೇಲೆ ಹೇಳ್ತೇವೆ ಅಂತದೆ. ಅದು ನನಗೆ ಸರಿ ಕಾಣುವುದಿಲ್ಲ.

ಧಾರವಾಡ_ಪೇಡೆ
ಇದೊಂದರಾಗ ನಾನೂ ನಿಮ್ಮ ಕಡೆ.

ಸುಣ್ಣದಗೋಡೆ
ಆಲ್ಬರ್ಟಾಕ್ಕೆ ಇದೆಲ್ಲ ಹೇಗೆ ಹೊಂದುತ್ತೆ?

ಅಡಿಟಿಪ್ಪಣಿ
ಅಲ್ಲಿ ಪ್ರಶ್ನೆ ಸರ್ಕಾರದಿಂದಲ್ಲ, ಜನರ ಅರ್ಜಿಯಿಂದ ಬರುತ್ತೆ. 2025ರ ತಿದ್ದುಪಡಿಯಾದ ಮೇಲೆ ಹಿಂದಿನ ಚುನಾವಣೆಯಲ್ಲಿ ಮತ ಹಾಕಿದವರ ಶೇ. 10, ಅಂದರೆ 1,77,732 ಸಹಿ, 120 ದಿನದೊಳಗೆ. ಪ್ರಶ್ನೆ ಮಾತ್ರ ನೇರ: ಕೆನಡಾದ ಭಾಗವಾಗಿರೋದು ನಿಂತು ಸ್ವತಂತ್ರ ದೇಶವಾಗಬೇಕೇ ಅಂತ. 1995ರ ಪಾಠ ಕಲಿತಿದ್ದಾರೆ.

ಉತ್ತರಧ್ರುವ
ಅರ್ಧ ಪಾಠ. ಆಲ್ಬರ್ಟಾ ಪ್ರಾಂತವಾದದ್ದು 1905ರಲ್ಲಿ. ಅಲ್ಲಿನ ನೆಲದ ಬಹುಭಾಗ ಹಂಚಿಕೊಂಡ 6, 7, 8ನೇ ಒಡಂಬಡಿಕೆಗಳು 1876, 1877, 1899ರವು, ಮೂಲನಿವಾಸಿಗಳು ಬ್ರಿಟಿಷ್ ದೊರೆತನದ ಜೊತೆ ಮಾಡಿದ್ದು. ಪ್ರಾಂತ ಹುಟ್ಟೋಕೆ ಮೊದಲಿನ ಕಾಗದ. ಕ್ರೀ ಜನ 1995ರಲ್ಲಿ ಎತ್ತಿದ ಪ್ರಶ್ನೆ ಇಲ್ಲಿ ಇನ್ನೂ ಗಟ್ಟಿ.

ಹಳೇಮೈಸೂರು
ಅಲ್ಲಾ, ಆಲ್ಬರ್ಟಾಕ್ಕೆ ಸಮುದ್ರವೇ ಇಲ್ಲ. ಬೇರೆ ದೇಶವಾದ ಮೇಲೆ ತೈಲದ ಕೊಳವೆ ಯಾರ ನೆಲದ ಮೇಲೆ ಹೋಗಬೇಕು?

ಕುಡ್ಲದ_ಮೀನು
ಅದಕ್ಕೆ ಬೇರೆ ಎಳೆ ಶುರು ಮಾಡಿ ಮಾರಾಯ್ರೆ, ನೆಲದಿಂದ ಸುತ್ತುವರಿದ ದೇಶಗಳ ಹಕ್ಕಿನ ಬಗ್ಗೆಯೇ ಎರಡು ದಿನ ಬೇಕು.

ಕಟ್ಟೆಪುರಾಣ
ಹೊಸ ಎಳೆಯಲ್ಲಿ ಮೊದಲ ಉತ್ತರ ನಂದು, ಈಗಲೇ ಟವೆಲ್ ಹಾಕಿದ್ದೀನಿ.